ಭ್ರಮರಾಂಬತ್ತೆಯ ಹಾಪ್ಸ್ ಕಷಾಯ

ಸುಳ್ಳು ಹೇಳುವುದರಲ್ಲಿ ತನ್ನನ್ನು ಮೀರಿಸುವವರು ಇಡೀ ಆಂಧ್ರದಲ್ಲೇ ಇಲ್ಲ ಎಂಬ ಹೆಮ್ಮೆಯಿಂದ ತೇಜ ವಿಶಾಖಪಟ್ಟಣದ ರೈಲಿನಿಂದ ವಿಜಯವಾಡದಲ್ಲಿ ಇಳಿದ. ಬಿಯರ್ ಕಾರ್ಖಾನೆ ಸೇರಿ ವರ್ಷವಾಗಿದ್ದರೂ ಮನೆಯವರ ಪಾಲಿಗೆ ಅವನು ‘ಔಷಧಿ ಕಂಪನಿ’ಯ ನೌಕರ! ಚೀಲದಲ್ಲಿ ಜರ್ಮನ್ ತಳಿಯ ಹಾಪ್ಸ್ ಪೊಟ್ಟಣವಿತ್ತು. ಬಿಯರಿಗೆ ಘಮ ಕೊಡುವ ಒಣಗಿದ ಹಸಿರು ಹೂವು. ಮಧ್ಯಾಹ್ನ ಗನ್ನವರಂ ಬಳಿಯ ಘಟಕದಲ್ಲಿ ಪ್ರಯೋಗದ ಬಿಯರಿಗೆ ಅದನ್ನು ಹಾಕಿ ಗೆದ್ದರೆ ನೌಕರಿ ಖಾಯಂ.

ಅದಕ್ಕೂ ಮೊದಲು ಸ್ನಾನ, ತಿಂಡಿಗೆಂದು ಪಟಮಟ ಬಡಾವಣೆಯ ಸೋದರತ್ತೆಯ ಮನೆಗೆ ಹೋದ. ಮದುವೆಯಾಗಿ ಇಲ್ಲಿಗೆ ಬಂದು ಎಷ್ಟು ವರ್ಷವಾದರೂ ಭ್ರಮರಾಂಬತ್ತೆ ಮಂಡ್ಯದ ಕನ್ನಡವನ್ನು ಬಿಟ್ಟಿರಲಿಲ್ಲ, ಮಾವ ತೀರಿಕೊಂಡ ಮೇಲೂ ಅವರ ಆರಾಮಕುರ್ಚಿಯನ್ನು ಕದಲಿಸಿರಲಿಲ್ಲ.

ಅತ್ತೆ ಪೊಟ್ಟಣ ಬಿಚ್ಚಿ ಮೂಸಿದರು. ಮೂಸಿ ಒಮ್ಮೆ ಆರಾಮಕುರ್ಚಿಯ ಕಡೆ ನೋಡಿದರು.

“ಏನ್ ಮಗ ಇದು?”

“ಔಷಧಿ ಅತ್ತೆ. ನಿದ್ದೆಗೆ, ಜೀರ್ಣಕ್ಕೆ... ಎಲ್ಲದಕ್ಕೂ.”

“ಎಲ್ಲದಕ್ಕೂನಾ? ಸರಿ, ಸ್ನಾನ ಮಾಡ್ಕೊಂಡು ಬಾ ನಾನ್ನಾ,” ಎಂದರು ಅತ್ತೆ, ತೆಲುಗಿನ ಮುದ್ದು ಬೆರೆಸಿ.

ತಲೆ ಒರೆಸಿಕೊಂಡು ಬಂದರೆ ಒಲೆಯ ಮೇಲೆ ಪಾತ್ರೆ ಕೊತಕೊತ ಕುದಿಯುತ್ತಿದೆ, ಪೊಟ್ಟಣ ಖಾಲಿ! ತೇಜ ಒಲೆಯ ಬಳಿಗೆ ಓಡಿದ.

“ಅತ್ತೆ, ಅದನ್ನ ಕುದಿಸಬಾರದಿತ್ತು.”

“ಕಷಾಯನ ಕುದಿಸ್ದೆ ಕುಡೀತಾರಾ? ಕಣ್ಣು ನೋಡು, ಗುಳಿ ಬಿದ್ದೋಗಿವೆ. ಕುಡಿ.”

ಬೇವು, ಹಾಗಲ, ಮೇಲಧಿಕಾರಿಯ ಬೈಗುಳ ಮೂರನ್ನೂ ಒಟ್ಟಿಗೆ ಅರೆದು ಹಿಂಡಿದಂತಿತ್ತು.

“ಹೆಂಗೈತೆ?”

“ಚೆ... ಚೆನ್ನಾಗಿದೆ.”

“ಹಂಗಾದ್ರೆ ಇನ್ನೊಂದು ಲೋಟ.”

ಎರಡನೆಯ ಲೋಟದ ಅರ್ಧಕ್ಕೇ ಆಂಧ್ರದ ಸುಳ್ಳಿನ ಸಾಮ್ರಾಟ ಶರಣಾದ. “ಅತ್ತೆ, ಅದು ಬಿಯರಿಗೆ ಹಾಕೋದು. ನಾನಿರೋದು ಬಿಯರ್ ಕಂಪನೀಲಿ. ಈಗ ಆ ಕೆಲಸಾನೂ ಹೋಯ್ತು.”

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಒಳಗಿನಿಂದ ಸ್ಟೀಲ್ ಡಬ್ಬಿ ತಂದರು. ಹೂವು ಹೆಚ್ಚುಕಮ್ಮಿ ಪೂರ್ತಿ ಅದರಲ್ಲೇ ಇತ್ತು.

“ಕಷಾಯಕ್ಕೆ ಒಂದು ಹಿಡಿ ಹಾಕ್ದೆ. ಇನ್ನೊಂದು ಹಿಡಿ ನಂದು, ಕೇಳ್ಬೇಡ.” ಆ ಹಿಡಿಯನ್ನು ಮಾವನ ಹಳೆಯ ಕರ್ಚೀಫಿನಲ್ಲಿ ಕಟ್ಟಿ ಆರಾಮಕುರ್ಚಿಯ ದಿಂಬಿನ ಕೆಳಗೆ ಇಟ್ಟರು. “ನಿಮ್ಮ ಮಾವನ ಅಂಗಿ ಒಗೆಯೋಕೆ ತಗೊಂಡ್ರೆ ಇದೇ ಘಮ. ಅವರದೂ ‘ಔಷಧಿ ಕಂಪನಿ’ನೇ ಕಣೋ.”

ತೇಜ ಅರ್ಧ ಉಳಿದಿದ್ದ ಲೋಟವನ್ನು ಕೆಳಗಿಟ್ಟ.

“ನೀನು ವಾಸಿ, ಎರಡನೇ ಲೋಟಕ್ಕೇ ಒಪ್ಕೊಂಡೆ,” ಎಂದರು ಅತ್ತೆ. “ಅವರು ಪಾಪ, ಕೊನೇವರೆಗೂ ಕಷಾಯ ಕುಡೀತಾನೇ ಇದ್ರು.”