ಒಂದು ಗೋಣು, ಮೂರು ಕೈ, ಒಂದು ಕಾಲು

ಸುಳ್ಳು ಅನ್ನುವವರು ಈಗಲೇ ಎದ್ದು ಅನ್ನಿ. ನಮ್ಮೂರು ಸಗರಕ್ಕೆ ಕರೆದೊಯ್ದು ನಾನು ಎತ್ತಿದ ಗುಂಡುಕಲ್ಲನ್ನು ತೋರಿಸುತ್ತೇನೆ. ಅದನ್ನು ಹೆಗಲಿಗೇರಿಸಿದ ಗಂಡಸು ನಮ್ಮ ಓಣಿಯಲ್ಲಿ ನಾನೊಬ್ಬನೇ. ಇಳಿಸುವಾಗ ಗೋಣು ಎಡಕ್ಕೆ ಹೊರಳಿ ಅಲ್ಲೇ ನಿಂತುಬಿಟ್ಟಿತು, ಅದು ಬೇರೆ ಮಾತು. ಇಂಥವು ಗಟ್ಟಿ ಆಳುಗಳನ್ನೇ ಹುಡುಕಿಕೊಂಡು ಬರುತ್ತವೆ.

ಆಗಷ್ಟೇ ನಿಜಾಮರ ರಾಜ್ಯ ಹೋಗಿ ಹೊಸ ಸರ್ಕಾರ ಬಂದಿತ್ತು. ಮುಂದಿನ ಸೋಮವಾರವೇ ಯಾದಗಿರಿಯಲ್ಲಿ ಪೊಲೀಸ್ ಭರ್ತಿ, ಆಳು ಆರಿಸುವ ದಿನ. ಆಗುವವನು ನಾನೇ ಎಂದು ಊರಿಗೆಲ್ಲ ಸಾರಿಯೂ ಆಗಿತ್ತು. ಸೊಟ್ಟ ಗೋಣಿನವನಿಗೆ ಲಾಠಿ ಯಾರು ಕೊಡುತ್ತಾರೆ?

ಅವ್ವನ ಕೈ

ಅವ್ವ ಕುಸುಬಿ ಎಣ್ಣೆ ಬಿಸಿಮಾಡಿ ತಿಕ್ಕಿದಳು. ಮೊದಮೊದಲು ಹಿತವಾಗಿತ್ತು. ಆಮೇಲೆ ಆಕೆಯ ಕೈಗೆ ರೊಟ್ಟಿಯ ಚಾಳಿ ನೆನಪಾಯಿತು, ತಟತಟ ಬಡಿಯತೊಡಗಿದಳು.

“ಯವ್ವಾ, ನಾ ಮನುಷ್ಯಾ ಅದೀನಿ!”

“ಸುಮ್ನ ಕೂಡೋ. ಇನ್ನೂ ಅಂಚು ದಪ್ಪ ಅದ!”

ಕ್ಷೌರದವನ ಕೈ

ಶಹಾಪುರದ ಕ್ಷೌರದವನೊಬ್ಬ ಗೋಣಿನ ನೆಟಿಗೆ ಮುರಿಯುವುದರಲ್ಲಿ ಹೆಸರಾಗಿದ್ದ. ಗದ್ದಕ್ಕೊಂದು ಕೈ, ನೆತ್ತಿಗೊಂದು ಕೈ. “ಉಸಿರು ಬಿಡ್ರಿ ಪೈಲ್ವಾನ್ರ” ಅಂದ. ಲಟಕ್! ಬದುಕಿದ್ದೇನೋ ಇಲ್ಲವೋ ಒಂದು ಗಳಿಗೆ ತಿಳಿಯಲಿಲ್ಲ. ಕಣ್ಣು ಬಿಟ್ಟರೆ ಮೋರೆ ಎಡಕ್ಕೂ ಇತ್ತು, ಈಗ ಮೇಲಕ್ಕೂ ಇತ್ತು.

“ಏನೋ ಇದು?”

“ಅರ್ಧ ಆಗ್ಯಾದ್ರಿ. ಗದ್ದದ ಕೆಳಗ ಬೋಳಿಸಾಕ ಭಾಳ ಹದ ಬಂದದ” ಎಂದವನೇ ಸೋಪು ಹಚ್ಚಿಬಿಟ್ಟ.

ಉಸ್ತಾದರ ಕೈ

ಸುರಪುರದ ಗರಡಿಯ ಮುದುಕ ಉಸ್ತಾದರು ಬಡಿಯಲಿಲ್ಲ, ಮುರಿಯಲಿಲ್ಲ. ಅಂಗಾತ ಮಲಗಿಸಿ, ತಲೆ ಹಿಡಿದು ಮೆಲ್ಲಗೆ ಎಳೆದರು. ಮೇಲೆ ನೋಡುತ್ತಿದ್ದ ಮೋರೆ ಕೆಳಗಿಳಿಯಿತು. ಎಡಕ್ಕಿದ್ದದ್ದು ಮಾತ್ರ ಎಡಕ್ಕೇ ಉಳಿಯಿತು.

“ಮೂವರೊಳಗ ನಿಮ್ಮ ಕೈನ ಮೇಲ್ರಿ” ಅಂದೆ.

“ಕೈ ಕೆಲಸ ಆತು, ಇನ್ನ ಇದಕ್ಕ ಕಾಲು ಬೇಕು. ತಾಯಿ ಹೊಟ್ಟ್ಯಾಗಿಂದ ಕಾಲು ಮುಂದಾಗಿ ಹುಟ್ಟಿದವರು ಒದ್ದರ ಉಳುಕು ಹೋಗ್ತದ.”

“ಅಂಥವರು ಎಲ್ಲಿ ಸಿಗ್ತಾರ್ರಿ?”

“ನನ್ನ ಹಳೇ ಚೇಲಾ ಒಬ್ಬ ಅದಾನ. ಯಾದಗಿರಿಗೆ ಭರ್ತಿ ಮಾಡಾಕ ಬರೂ ಜಮಾದಾರ.”



ಜಮಾದಾರರ ಕಾಲು

ಸೋಮವಾರ ಮೈದಾನದಲ್ಲಿ ಸಾಲಾಗಿ ನಿಂತೆವು. “ಸಾಮ್ನೆ! ಮುಂದ ನೋಡೋ!” ಎಂದು ಜಮಾದಾರರು ಗದರಿದರು. ನಾನು ಎಡಗಡೆಯವನನ್ನೇ ನೋಡುತ್ತಿದ್ದೆ. ಅವನು ಪಾಪ, ತಾನೇನು ತಪ್ಪು ಮಾಡಿದೆನೋ ಎಂದು ಬೆವರತೊಡಗಿದ. ಇನ್ನು ಸುಮ್ಮನಿದ್ದರೆ ನೌಕರಿ ಹೋಯಿತು. ದನಿ ಏರಿಸಿಯೇ ಅಂದೆ:

“ಸಾಹೇಬ್ರ, ನೀವು ಕಾಲು ಮುಂದಾಗಿ ಹುಟ್ಟೀರಂತ. ಸುರಪುರದ ಉಸ್ತಾದರು ಕಳಿಸ್ಯಾರ. ನನ್ನ ಗೋಣು ಹಿಡದದ, ಒಂದು ಒದೀರಿ!”

ಜಮಾದಾರರು ಮೀಸೆ ನೇವರಿಸಿದರು.

“ಇಷ್ಟು ವರ್ಷದ ನೌಕರ್‍ಯಾಗ ಒದೀಬ್ಯಾಡ್ರಿ ಅಂತ ಕಾಲು ಹಿಡದವರನ್ನ ಕಂಡೀನಿ. ಒದೀರಿ ಅಂತ ಅರ್ಜಿ ಹಾಕಿದವ ನೀನ ಮೊದಲ್ನೇವ. ತಿರುಗು!”

ಮೂಗು ಮಣ್ಣಿಗೆ ಹೋಗಿ ಬಡಿಯಿತು. ಎದ್ದು ತಿರುಗಿದೆ; ಜಮಾದಾರರು ನೆಟ್ಟಗೆ ಎದುರಿಗೇ ಕಂಡರು. ಗೋಣು ಸರಿಯಾಗಿತ್ತು! ಸಾಲಿನವರೆಲ್ಲ ಬಿದ್ದು ಬಿದ್ದು ನಕ್ಕರು. ಜಮಾದಾರರೊಬ್ಬರೇ ನಗಲಿಲ್ಲ.

“ಇವನ್ನ ತಗೋರಿ. ಒದಿ ತಡಿಯೂ ಮನುಷ್ಯಾ. ಲಾಯದಾಗ ಒಂದು ಕುದುರಿ ಅದ, ಅದರ ಹತ್ರ ಯಾರೂ ನಿಂದ್ರವಲ್ರು.”

ಕಡೆಗೆ ನನಗೆ ಕೊಟ್ಟದ್ದು ಪೊಲೀಸ್ ಪೇದೆಯ ನೌಕರಿ, ಒಂದು ಲಾಠಿ, ಮತ್ತು ಒದೆಯುವ ಒಂದು ಕುದುರೆ.