ನಾಯಿಗೆ ಯಾರಾದರೂ ಬೇಕಲ್ಲ

ನಾನು ಪರಲೋಕಕ್ಕೆ ಹೋಗುವುದಿಲ್ಲ ಎಂಬ ವಿಷಯದಲ್ಲಿ ನಮ್ಮ ಭಾವನವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಎಷ್ಟು ಖಚಿತವೆಂದರೆ, ಅದನ್ನೇ ನಂಬಿಕೊಂಡು ಅವರು ಒಂದು ನಾಯಿ ಸಾಕಿದ್ದರು!

ಭಾವ ಎಂದರೆ ನನ್ನ ಅಕ್ಕನ ಗಂಡ. ಸಂಜಯನಗರದಲ್ಲಿ ಮನೆ. ಅವರೂ ನಮ್ಮ ಹಾಗೆಯೇ ಮುನೇಶ್ವರನಿಗೆ ಕೈಮುಗಿದು ಬೆಳೆದವರು. ನಡುವಯಸ್ಸಿನಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಾಗ ಪಕ್ಕದ ಮಂಚದ ರೋಗಿಯೊಬ್ಬ ಇವರಿಗಾಗಿ ದಿನವೂ ಪ್ರಾರ್ಥಿಸಿದನಂತೆ. ವಾಸಿಯಾಗಿ ಬಂದವರೇ ಏಸುವಿನ ಸಭೆ ಸೇರಿದರು. ಅಕ್ಕನೂ ಹಿಂದೆ ಹೋದಳು. ನಾನು ಹೋಗಲಿಲ್ಲ. ಹತ್ತನೇ ಕ್ಲಾಸು ಪಾಸಾದವನೆಂಬ ಜಂಬ ಬೇರೆ!

ಕರ್ತನು, ಅಂದರೆ ಏಸು, ಮತ್ತೆ ಬರುತ್ತಾನೆ, ತುತ್ತೂರಿ ಮೊಳಗುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ತನ್ನವರನ್ನು ಮೇಲಕ್ಕೆ ಎತ್ತಿಕೊಳ್ಳುತ್ತಾನೆ. ಯಾವ ದಿನ, ಯಾವ ಗಳಿಗೆ ಎಂದು ಯಾರಿಗೂ ಗೊತ್ತಿಲ್ಲ. ಸಭೆಯಲ್ಲಿ ಎಲ್ಲರೂ ಇದನ್ನು ನಂಬುತ್ತಿದ್ದರು. ನಂಬಿಕೊಂಡೇ ಮುಂದಿನ ವರ್ಷದ ಮದುವೆಗೆ ಛತ್ರವನ್ನೂ ಗೊತ್ತು ಮಾಡುತ್ತಿದ್ದರು. ನಮ್ಮ ಭಾವ ಮಾತ್ರ ಬಸ್ಸಿಗೆ ತಿಂಗಳ ಪಾಸು ಕೂಡ ಮಾಡಿಸಿದವರಲ್ಲ.

"ಹದಿನೈದನೇ ತಾರೀಕು ಕರ್ತ ಬಂದ್ಬಿಟ್ರೆ ಮಿಕ್ಕಿದ್ದು ವೇಸ್ಟಲ್ವೇನಯ್ಯ?" ಎನ್ನುತ್ತಿದ್ದರು.

ಯಲಹಂಕದಲ್ಲಿ ವಿಮಾನಗಳ ಪ್ರದರ್ಶನ ನಡೆದಾಗ ಆದದ್ದನ್ನಂತೂ ಕೇಳಲೇಬೇಡಿ. ಯುದ್ಧವಿಮಾನವೊಂದು ಆಕಾಶ ಸೀಳಿಕೊಂಡು ಹೋದ ಸದ್ದಿಗೆ ಭಾವ ಅರ್ಧ ಮುಖದಲ್ಲಿ ಸೋಪಿನ ನೊರೆ, ಇನ್ನರ್ಧದಲ್ಲಿ ನುಣ್ಣನೆಯ ಕೆನ್ನೆ ಹೊತ್ತು ಟೆರೇಸಿಗೆ ಓಡಿದರು. ಕೈ ಮೇಲೆತ್ತಿ ನಿಂತರು. ಎದುರು ಮನೆಯವರು ಇವರೂ ವಿಮಾನ ನೋಡಲು ಬಂದಿದ್ದಾರೆಂದು ತಿಳಿದು ಕೈಬೀಸಿದರು! ಆಮೇಲೆ ಭಾವ ಕತ್ತಲಿರುವಾಗಲೇ ಎದ್ದು ಶೇವ್ ಮುಗಿಸತೊಡಗಿದರು.

"ಅರ್ಧ ಗಡ್ಡ ಇಟ್ಕೊಂಡು ಕರ್ತನ ಮುಂದೆ ಹೆಂಗಯ್ಯ ನಿಂತ್ಕೊಳ್ಳೋದು?"

ಅವರ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. 'ನಾವು ಕಾಣದಿದ್ದರೆ: ಗ್ಯಾಸ್ ಆಫ್ ಮಾಡಿ. ನೀರಿನ ಮೋಟಾರ್ ನೋಡಿ. ಕರಿಯನಿಗೆ ಮೊಸರನ್ನ, ಉಪ್ಪು ಬೇಡ. ಕರಿಯನನ್ನು ಬಾಮೈದ ನೋಡಿಕೊಳ್ಳುತ್ತಾನೆ.' ಕರಿಯ ಎಂದರೆ ನಾಯಿ. ಬಾಮೈದ ಎಂದರೆ ನಾನು.

"ಏನ್ ಭಾವ, ನೀವೆಲ್ಲ ಮೇಲೆ, ನಾನು ಇಲ್ಲಿ ನಾಯಿ ಜೊತೇನಾ?" ಎಂದೆ.

"ದಿನಾ ಬಾ ಬಾ ಅಂತ ಕರೀತಾನೇ ಇದೀನಿ. ಬರಲ್ಲ ಅಂತೀಯ. ಬರದೇ ಇರೋನು ನಾಯೀನಾದ್ರೂ ನೋಡ್ಕೊ!"

ಇದನ್ನು ಮತ್ತಿಕೆರೆಯ ಟೀ ಅಂಗಡಿಯಲ್ಲಿ ಹೇಳಿ ಎಷ್ಟು ಜನರನ್ನು ನಗಿಸಿದ್ದೇನೋ! ಆದರೆ ನಿಜ ಹೇಳುತ್ತೇನೆ, ಒಳಗೆ ಚುಚ್ಚುತ್ತಿತ್ತು. ನನ್ನನ್ನು ಬಿಟ್ಟುಹೋಗುವ ಸಾಮಾನಿನ ಪಟ್ಟಿಗೆ ಸೇರಿಸಿದ್ದರಲ್ಲ! ಆ ಉರಿಯೇ ನನ್ನಿಂದ ಆ ಕೆಲಸ ಮಾಡಿಸಿತು.

ಒಂದು ಭಾನುವಾರ ಮಧ್ಯಾಹ್ನ ಭಾವ ಹಾಲು ತರಲು ಹೋಗಿದ್ದರು. ಅಕ್ಕ ಟೆರೇಸಿನಲ್ಲಿ ಸಂಡಿಗೆ ಇಡುತ್ತಿದ್ದಳು. ನಾನು ಅವಳ ಸೀರೆಯೊಂದನ್ನು ತಂದು, ಕೂತವಳು ಹಾಗೇ ಮಾಯವಾದಂತೆ ಕುರ್ಚಿಯಲ್ಲಿ ಇಳಿಬಿಟ್ಟೆ. ಅದರ ಮೇಲೆ ಅವಳ ಕನ್ನಡಕ. ಎದುರಿನ ಕುರ್ಚಿಯಲ್ಲಿ ನನ್ನದೇ ಅಂಗಿ, ಪಂಚೆ, ಕೆಳಗೆ ಚಪ್ಪಲಿ. ನಡುವೆ ಅರ್ಧ ಕುಡಿದ ಕಾಫಿ. ನಾನು ಬನಿಯನ್, ಪಟ್ಟಾಪಟ್ಟಿ ಚಡ್ಡಿಯಲ್ಲಿ ಬೀರುವಿನ ಹಿಂದೆ ಸೇರಿಕೊಂಡು ಬಾಯಿಗೆ ಟವಲು ಒತ್ತಿಕೊಂಡೆ. ಭಾವ ಬರಲಿ, ತನ್ನೊಬ್ಬನನ್ನೇ ಬಿಟ್ಟುಹೋದರೆಂದು ಬಾಯಿ ಬಡಿದುಕೊಳ್ಳಲಿ!

ಭಾವ ಬಂದರು. "ಏನೇ, ಹಾಲು ತಗೋ" ಎಂದವರು ಅಲ್ಲೇ ನಿಂತರು. ಕಾಫಿ ಲೋಟ ಮುಟ್ಟಿ ನೋಡಿದರು. ಇನ್ನೂ ಬಿಸಿಯಿತ್ತು. ಅಕ್ಕನ ಕನ್ನಡಕವನ್ನು ಎತ್ತಿ ತಮ್ಮ ಅಂಗಿಯ ಅಂಚಿನಿಂದ ಒರೆಸಿ ಮತ್ತೆ ಅಲ್ಲೇ ಇಟ್ಟರು. ಆಮೇಲೆ ನನ್ನ ಅಂಗಿಯ ಮುಂದೆ, ತಮ್ಮ ನೋಯುವ ಮಂಡಿಗಳನ್ನು ಒಂದೊಂದಾಗಿ ಊರಿ ಕೂತರು.

"ಕರ್ತನೇ, ಇವ್ನನ್ನೂ ಕರ್ಕೊಂಡ್ಯಲ್ಲಪ್ಪ. ಬಾಯಲ್ಲಿ ಏನೇ ಆಡ್ಕೊಂಡ್ರೂ ಒಳ್ಳೇವ್ನು. ಬಲು ಸಂತೋಷ ಆಯ್ತು. ನನ್ನಲ್ಲಿ ಏನು ಕೊರತೆ ಕಂಡ್ಯೋ ನಂಗೊತ್ತಿಲ್ಲ. ಇರ್ಲಿ ಬಿಡು. ನಾಯಿಗೆ ಯಾರಾದ್ರೂ ಬೇಕಲ್ಲ."

ನನ್ನ ಬಾಯಿಗೆ ಒತ್ತಿಕೊಂಡಿದ್ದ ಟವಲನ್ನು ಕಣ್ಣಿಗೆ ಒತ್ತಿಕೊಂಡೆ.

ಅಷ್ಟರಲ್ಲಿ ಅಕ್ಕ ಹಿಟ್ಟಿನ ಕೈಯಲ್ಲೇ ಕೆಳಗಿಳಿದಳು. "ಏನ್ರೀ ಇದು, ನನ್ ಸೀರೆ ಯಾಕೆ ಇಲ್ಲಿದೆ?" ಭಾವ ದೆವ್ವ ಕಂಡವರಂತೆ ಅವಳನ್ನು ನೋಡಿದರು. ನಾನು ಬೀರುವಿನ ಹಿಂದಿನಿಂದ ಹಿತ್ತಿಲಿಗೆ ಜಾರಿ, ಬಚ್ಚಲ ಕಡೆಯಿಂದ ಒದ್ದೆ ತಲೆಯಲ್ಲಿ ಬಂದೆ. "ಸೆಕೆ ಭಾವ, ಸ್ನಾನಕ್ಕೆ ಹೋಗಿದ್ದೆ" ಎಂದೆ.

"ಅಯ್ಯೋ, ಕರ್ತ ಇನ್ನೂ ಬಂದೇ ಇಲ್ವಾ!" ಎಂದು ಭಾವ ನಕ್ಕರು. ನಗುತ್ತಲೇ ನನ್ನ ಎರಡೂ ಕೈ ಹಿಡಿದುಕೊಂಡರು. ಅಕ್ಕ ಸೀರೆಯನ್ನೂ ನನ್ನನ್ನೂ ಒಮ್ಮೆ ನೋಡಿದಳು. ಅವಳಿಗೆ ಅರ್ಥವಾಗಿತ್ತು. ಸೀರೆಯನ್ನು ಮೊಳಕೈಗೆ ಹಾಕಿಕೊಂಡು ಒಳಗೆ ಹೋದಳು.

ಆಮೇಲೆ ಐದು ವರ್ಷ ಅವರ ಮನೆಗೆ ಹೋದರೂ ನಾನು ನಡುಮನೆ ದಾಟುತ್ತಿರಲಿಲ್ಲ. ಅಡುಗೆಮನೆಯ ಆ ಫ್ರಿಜ್ಜನ್ನು ಕಂಡರೆ ನಾಚಿಕೆ. ಭಾವ ಮತ್ತೆ ಆಸ್ಪತ್ರೆ ಸೇರಿದಾಗ, ಹೇಳಿಬಿಡೋಣವೆಂದು ಪಕ್ಕದಲ್ಲಿ ಕೂತೆ.

"ಭಾವ, ಆವತ್ತು ಕುರ್ಚಿ ಮೇಲೆ ಬಟ್ಟೆ..."

"ಕರಿಯ ಊಟ ಮಾಡ್ದನೇನಯ್ಯ?"

"ಮಾಡ್ದ."

"ಉಪ್ಪು ಹಾಕಿಲ್ಲ ತಾನೇ?"

"ಇಲ್ಲ ಭಾವ."

ಅಷ್ಟೇ. ಮಾರನೆಯ ದಿನ ಭಾವ ಹೋದರು. ಯಾವ ತುತ್ತೂರಿಯೂ ಕೇಳಿಸಲಿಲ್ಲ. ಗಡ್ಡ ಬೆಳೆದಿತ್ತು. ಮಣ್ಣಿಗೆ ಕೊಂಡೊಯ್ಯುವ ಮೊದಲು ನಾನೇ ಶೇವ್ ಮಾಡಿದೆ, ಎರಡೂ ಕೆನ್ನೆ.

ಎಲ್ಲ ಮುಗಿದ ಮೇಲೆ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಚೀಟಿ ಅಲ್ಲೇ ಇತ್ತು. 'ಬಾಮೈದ' ಎಂಬುದನ್ನು ನೀಲಿ ಶಾಯಿಯಲ್ಲಿ ಹೊಡೆದು, ಮೇಲೆ 'ಇಸ್ತ್ರಿ ಅಂಗಡಿಯವರು' ಎಂದು ಬರೆದಿದ್ದರು. ಕೆಳಗೆ ಇನ್ನೊಂದು ಸಾಲು: 'ಬಾಮೈದ ನಮ್ಮ ಜೊತೆ ಬರುತ್ತಾನೆ.'

"ನೀನು ಕುರ್ಚಿ ಮೇಲೆ ನನ್ ಸೀರೆ ಇಟ್ಟಿದ್ಯಲ್ಲ, ಆವತ್ತು ಸಾಯಂಕಾಲಾನೇ ತಿದ್ದಿದ್ರು ಕಣೋ" ಎಂದಳು ಅಕ್ಕ.

ಕರಿಯ ಈಗ ನನ್ನ ಬಳಿಯೇ ಇದ್ದಾನೆ. ಅವನಿಗೂ ವಯಸ್ಸಾಗಿದೆ, ನನಗೂ. ನನಗೆ ಈಗಲೂ ಸಭೆ ಗೊತ್ತಿಲ್ಲ, ಪ್ರಾರ್ಥನೆ ಬರುವುದಿಲ್ಲ. ಆದರೂ ಮೊನ್ನೆ ಕರಿಯನ ಜೊತೆ, ಚೀಟಿಯಲ್ಲಿದ್ದ ಆ ಇಸ್ತ್ರಿ ಅಂಗಡಿಗೆ ಹೋಗಿ ಒಂದು ಮಾತು ಹೇಳಿ ಬಂದೆ.

"ನೋಡಪ್ಪ, ಒಂದಿನ ನಾನು ಕಾಣಿಸ್ಲಿಲ್ಲ ಅಂದ್ರೆ ಈ ನಾಯಿಗೆ ಮೊಸರನ್ನ ಹಾಕು. ಉಪ್ಪು ಬೇಡ."

"ಎಲ್ಲಿಗೋಗ್ತೀರ ಯಜಮಾನ್ರೇ?"

"ಗೊತ್ತಿಲ್ಲ ಕಣಪ್ಪ. ಭಾವ ಕರ್ಕೊಂಡು ಹೋಗ್ತೀನಿ ಅಂತ ಬರೆದಿಟ್ಟಿದ್ದಾರೆ."