ಭಾವನ ಹೆಡರ್

ನಮ್ಮ ಭಾವನ ಹತ್ತಿರ ಮಾತಾಡಬೇಕೆಂದರೆ ಮೊದಲು ಅವರ ಷರತ್ತಿಗೆ ಒಪ್ಪಬೇಕು. ದೇವರೇ ಪ್ರತ್ಯಕ್ಷನಾಗಿ ವರ ಕೊಡುತ್ತೇನೆಂದರೂ "ತಡೀರಿ, ಹ್ಯಾಂಗ ಕೊಡ್ತೀರಿ?" ಎಂದು ಕೇಳುವ ಆಸಾಮಿ! ಧಾರವಾಡದವರು. ಅಂಧೇರಿಯ ಆಫೀಸೊಂದರಲ್ಲಿ ವೆಬ್‌ಸೈಟುಗಳ ಸರ್ವರ್ ನೋಡಿಕೊಳ್ಳುತ್ತಾರೆ. ತಪ್ಪೆಲ್ಲ ಆ ಕೆಲಸದ್ದೇ.

"ಬ್ರೌಸರ್ ಸುಮ್ನ ಪುಟ ಕೇಳೂದಿಲ್ಲೋ," ಎಂದು ಎಷ್ಟು ಸಲ ನನ್ನ ತಲೆ ತಿಂದಿದ್ದಾರೋ! "'ಒತ್ತಿ ಸಣ್ಣ ಮಾಡಿ ಕಳಿಸಿದ್ರ ಬಿಚ್ಚಿಕೋತೀನಿ, ತುಂಡು ತುಂಡು ಕಳಿಸಿದ್ರೂ ನಡೀತದ' ಅಂತ ಹೆಡರಿನ್ಯಾಗ, ಅಂದ್ರ ಕೇಳೂಮುಂದ ಮ್ಯಾಲ ಹಚ್ಚೂ ಚೀಟಿಯೊಳಗ, ಮೊದಲ ತಿಳಸ್ತದ. ಸರ್ವರ್ ಅದನ್ನ ನೋಡಿ ಕಳಸ್ತದ. ತುಂಡು ತುಂಡು ಬಂದ್ರ ಕಡೀಕೆ ಒಂದು ಖಾಲಿ ತುಂಡು ಬರ್ತದ. ಅಂದ್ರ ಮುಗೀತು. ಅಲ್ಲೀತನಕ ಕಾಯಬೇಕು. ಮನುಷ್ಯಾರಿಗೆ ಇಷ್ಟೂ ಶಿಸ್ತು ಬ್ಯಾಡೇನು?"

ಒಮ್ಮೆ ದಾದರಿನ ಹೋಟೆಲಿನಲ್ಲಿ ಉಡುಪಿ ಕಡೆಯ ಸಪ್ಲಾಯರ್ ತಿಂಡಿಗಳ ಹೆಸರನ್ನೆಲ್ಲ ಒಂದೇ ಉಸಿರಿಗೆ ಹೇಳಿದ. "ಒಂದೊಂದ ಹೇಳಪಾ. ಕಡೀಕೆ ಮುಗೀತು ಅನ್ನು," ಎಂದರು ಭಾವ. ಪಾಪ, ಹಾಗೆಯೇ ಹೇಳಿದ. ಇವರು ಎಲ್ಲ ಕೇಳಿಸಿಕೊಂಡು ಇಡ್ಲಿ ಎಂದರೆ, "ಎಂಥದು ಮಾರಾಯ್ರೆ, ಅಷ್ಟರಲ್ಲಿ ಇಡ್ಲಿಯೇ ಖಾಲಿಯಾಯ್ತಲ್ಲ!" ಎಂದ ಅವನು. ನಾವು ಬರೀ ಚಹಾ ಕುಡಿದು ಲೋಕಲ್ ಹತ್ತಿದೆವು.

ಅಕ್ಕನ ಪಾಡು ಕೇಳಬೇಕೆ? ಬೈಗುಳವನ್ನೂ ಬಿಡಿಬಿಡಿಯಾಗಿ ಬೈಯಬೇಕು! "ಮನಸಾರೆ ಬೈಲಿಕ್ಕರೆ ಬಿಡ್ರಿ!" ಎಂದು ಅರಚಿ, ಸೌಟು ಕುಕ್ಕಿ, "ಮುಗೀತು!" ಎನ್ನುತ್ತಿದ್ದಳು. ಭಾವ ಪೇಪರ್ ಬಿಡಿಸುತ್ತಿದ್ದುದು ಆಮೇಲೆಯೇ.

ಹೋದ ದೀಪಾವಳಿ ಹೊತ್ತಿಗೆ ಅಕ್ಕನಿಗೆ ಸ್ಟ್ರೋಕ್ ಆಯಿತು. ಮಾತು ನಿಂತುಹೋಯಿತು. ಆಸ್ಪತ್ರೆಯಲ್ಲಿ ಡಾಕ್ಟರು ತಮ್ಮ ವೈದ್ಯಕೀಯ ಇಂಗ್ಲಿಷನ್ನು ಗಡಗಡ ಸುರಿದಾಗ ಭಾವ ಕೈಮುಗಿದರು. "ಸಾಬ್, ಇಷ್ಟು ಒತ್ತಿ ಹೇಳಬ್ಯಾಡ್ರಿ. ನನಗ ಬಿಚ್ಚಿಕೊಳ್ಳಲಿಕ್ಕೆ ಬರೂದಿಲ್ಲ," ಎಂಬುದನ್ನೇ ಹರಕುಮುರುಕು ಹಿಂದಿಯಲ್ಲಿ ಹೇಳಿದರು. ಡಾಕ್ಟರು ಬಿಡಿಸಿ ಹೇಳಿದರು: ಮಾತು ಮರಳುತ್ತದೆಂಬ ಭರವಸೆ ಇಲ್ಲ. ಬಿಡಿಸದೆ ಇದ್ದಿದ್ದರೇ ಚೆನ್ನಾಗಿತ್ತು!

ಈಗ ಭಾವ ಆಫೀಸಿನಿಂದ ಬಂದವರೇ ಅವಳ ಮಂಚದ ಪಕ್ಕ ಕುರ್ಚಿ ಎಳೆದುಕೊಳ್ಳುತ್ತಾರೆ. "ತುಂಡು ತುಂಡು ಹೇಳು. ನನಗ ನಡೀತದ," ಎನ್ನುತ್ತಾರೆ. ಅಕ್ಕ ಒದ್ದಾಡುತ್ತಾಳೆ. ಹೆಚ್ಚಿನ ದಿನ ಏನೂ ಬರುವುದಿಲ್ಲ. ನನಗಂತೂ ಯಾವ ಆಸೆಯೂ ಉಳಿದಿಲ್ಲ.

ಮೊನ್ನೆ ಭಾನುವಾರ "ನೀ..." ಎಂದಳು. ಮುಂದಿನದು ಬರಲಿಲ್ಲ. ಕಾದೆವು. ಅವಳ ಕಣ್ಣು ತುಂಬಿ ಬಂತು. ನನಗೆ ನೋಡಲಾಗಲಿಲ್ಲ.

"ಭಾವ, ಸಾಕ್ರಿ. ಆಕಿ ಕಡೆ ಆಗೂದಿಲ್ಲ. ಊಟಕ್ಕ ಏಳ್ರಿ."

ಅವರು ಅವಳ ಕೈ ಬಿಡಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ.

"ನೀ ಉಣ್ಣು ಹೋಗು. ಆಕಿ ಇನ್ನೂ ಮುಗೀತು ಅಂದಿಲ್ಲ."

ನಾನೂ ಒಂದು ಕುರ್ಚಿ ಎಳೆದುಕೊಂಡು ಕೂತೆ.